ನೀರಿಗಿಳಿಸುವವರನ್ನು ಅಳೆಯುವುದು ಹೇಗೆ?

ಮುರುಡೇಶ್ವರದ ದಡದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪ ಈಗ ಬೆಂಗಳೂರಿನ ಮಧ್ಯಮ ವರ್ಗದ ವಾರಾಂತ್ಯದ ಪಟ್ಟಿಯಲ್ಲಿ ಸೇರಿಹೋಗಿದೆ. ಸ್ಕೂಬಾ ಡೈವಿಂಗ್ ಕೆಲವೇ ಸಾಹಸಿಗಳ ಸ್ವತ್ತಾಗಿ ಉಳಿದಿಲ್ಲ ಎಂಬುದು ಸಂತೋಷದ ಸಂಗತಿಯೇ. ಆದರೆ ನೀರಿಗಿಳಿಯುವ ಮುನ್ನ ನಾವು ಕೇಳುವ ಪ್ರಶ್ನೆಗಳು ಎರಡೇ: ದರ ಎಷ್ಟು? ವಿಡಿಯೊ ಕೊಡುತ್ತಾರೆಯೇ? ಮಗುವಿಗೆ ಶಾಲೆ ಹುಡುಕುವಾಗ ಹತ್ತು ಕಡೆ ವಿಚಾರಿಸುವ ನಾವು, ನಮ್ಮ ಉಸಿರನ್ನೇ ಒಪ್ಪಿಸುವ ತರಬೇತುದಾರನ ಬಗ್ಗೆ ಏನನ್ನೂ ವಿಚಾರಿಸುವುದಿಲ್ಲ.

ಮೊದಲು ಒಂದು ಗೊಂದಲ ನಿವಾರಣೆಯಾಗಬೇಕು. ಪ್ರವಾಸಿಗರಲ್ಲಿ ಹೆಚ್ಚಿನವರು ಮಾಡುವುದು ಪರಿಚಯದ ಡೈವ್ ಮಾತ್ರ. ತರಬೇತುದಾರ ಪಕ್ಕದಲ್ಲೇ ಇದ್ದು, ಹಿಡಿದುಕೊಂಡು ತೋರಿಸಿ ತರುತ್ತಾನೆ. ಅದು ಅನುಭವವೇ ಹೊರತು ಕಲಿಕೆಯಲ್ಲ. ಇನ್ನೊಂದು, 'ಓಪನ್ ವಾಟರ್ ಡೈವರ್' ಎಂಬ ಆರಂಭಿಕ ಕೋರ್ಸು. ತರಗತಿ, ಈಜುಕೊಳದ ಅಭ್ಯಾಸ ಮತ್ತು ಸಮುದ್ರದಲ್ಲಿ ಕನಿಷ್ಠ 4 ಡೈವ್‌ಗಳ ಬಳಿಕ ದೊರೆಯುವ ಕಾರ್ಡು, ಜೊತೆಗಾರನೊಡನೆ 18 ಮೀಟರ್ ಆಳದವರೆಗೆ ಸ್ವತಂತ್ರವಾಗಿ ಇಳಿಯುವ ಅರ್ಹತೆಯನ್ನು ಕೊಡುತ್ತದೆ. ನನ್ನ ಆತಂಕವಿರುವುದು ಮುಖ್ಯವಾಗಿ ಈ ಕಾರ್ಡಿನ ಬಗ್ಗೆ.

ಆಳ ಕಡಿಮೆಯಿದ್ದರೆ ಅಪಾಯವೂ ಕಡಿಮೆ ಎಂಬ ನಂಬಿಕೆ ತಪ್ಪು. 10 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಗಿಂತ ಎರಡು ಪಟ್ಟು. ಅಲ್ಲಿ ಶ್ವಾಸಕೋಶ ತುಂಬಿಕೊಂಡ ಗಾಳಿ ಮೇಲಕ್ಕೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ. ಗಾಬರಿಯಿಂದ ಉಸಿರು ಬಿಗಿಹಿಡಿದು ಮೇಲಕ್ಕೆ ಚಿಮ್ಮಿದವನ ಶ್ವಾಸಕೋಶಕ್ಕೆ ಒಂದೆರಡು ಮೀಟರ್ ನೀರಿನಲ್ಲೂ ಗಾಯವಾಗಬಹುದು. ಆದ್ದರಿಂದ ಈ ತರಬೇತಿಯ ತಿರುಳು ಮೀನು ತೋರಿಸುವುದಲ್ಲ. ಗಾಬರಿಯಾಗುವ ಗಳಿಗೆಯಲ್ಲೂ ಉಸಿರಾಡುತ್ತಲೇ ಇರುವುದನ್ನು ರೂಢಿ ಮಾಡಿಸುವುದು.

ಹಾಗಾದರೆ ಗುಣಮಟ್ಟವನ್ನು ಅಳೆಯುವುದು ಹೇಗೆ? ಫಲಕದ ಮೇಲಿನ ಅಂತರರಾಷ್ಟ್ರೀಯ ಸಂಸ್ಥೆಯ ಹೆಸರು ಸಾಲದು. ಪ್ಯಾಡಿ, ಎಸ್‌ಎಸ್‌ಐಯಂಥ ಸಂಸ್ಥೆಗಳು ಮಾನದಂಡ ಹಾಕಿಕೊಡುತ್ತವೆ. ಕಲಿಸುವವನು ದೋಣಿಯಲ್ಲಿರುವ ವ್ಯಕ್ತಿ. ನನ್ನ ಮೊದಲ ಅಳತೆಗೋಲು, ಆತ 'ಇಲ್ಲ' ಎನ್ನಬಲ್ಲನೇ ಎಂಬುದು. ಆಸ್ತಮಾ, ಹೃದ್ರೋಗ, ಕಿವಿಯ ತೊಂದರೆಗಳ ಕುರಿತ ಪ್ರಶ್ನಾವಳಿಯನ್ನು ಗಂಭೀರವಾಗಿ ಓದಿ, ಅಗತ್ಯವಿದ್ದರೆ ವೈದ್ಯರ ಸಹಿ ತರಲು ಹಿಂದಕ್ಕೆ ಕಳಿಸುವವನು ಒಳ್ಳೆಯ ಗುರು. 'ಎಲ್ಲಕ್ಕೂ ಇಲ್ಲ ಎಂದು ಬರೆದುಬಿಡಿ' ಎನ್ನುವವನಿಂದ ದೂರವಿರುವುದು ಲೇಸು. ಕೋರ್ಸಿಗೆ 200 ಮೀಟರ್ ಈಜು ಮತ್ತು 10 ನಿಮಿಷ ತೇಲುವ ಪರೀಕ್ಷೆ ಇದೆ. ಅದನ್ನು ಮಾಡಿಸದೆ ಕಾರ್ಡು ಕೊಡುವವನು ಉಪಕಾರ ಮಾಡುತ್ತಿಲ್ಲ.

ಎರಡನೆಯದು, ಅಭ್ಯಾಸಕ್ಕೆ ಕೊಡುವ ಸಮಯ. ನಾನು ಕಲಿಯುವಾಗ ಅತಿ ಕಠಿಣವೆನಿಸಿದ್ದು ಮುಖವಾಡದೊಳಗೆ ನುಗ್ಗಿದ ನೀರನ್ನು ಮೂಗಿನಿಂದ ಗಾಳಿಯೂದಿ ಹೊರಹಾಕುವ ಕ್ರಿಯೆ. ಒಮ್ಮೆ ಮಾಡಿದ್ದು ಸಾಲದೆಂದು ನಮ್ಮ ತರಬೇತುದಾರರು ಬೇಸರ ಬರುವಷ್ಟು ಸಲ ಮಾಡಿಸಿದರು. ಆ ಬೇಸರವೇ ತರಬೇತಿಯ ಯಶಸ್ಸು. ಬಾಯಿಂದ ಜಾರಿದ ಉಸಿರುನಳಿಕೆಯನ್ನು ಹುಡುಕಿ ಹಾಕಿಕೊಳ್ಳುವುದು, ಜೊತೆಗಾರನ ಗಾಳಿ ಹಂಚಿಕೊಳ್ಳುವುದು ಇವೂ ಹಾಗೆಯೇ. ಇವನ್ನೆಲ್ಲ ತಳದಲ್ಲಿ ಮಂಡಿಯೂರಿ ಮಾತ್ರ ಕಲಿತವನು, ಏರದೆ ಇಳಿಯದೆ ನೀರಿನಲ್ಲಿ ತೂಗಿ ನಿಲ್ಲುವುದನ್ನು ಕಲಿತಿರುವುದಿಲ್ಲ. ನಾಳೆ ಆತ ಹವಳಗಳನ್ನು ತುಳಿಯುತ್ತಾನೆ. ಸಹಾಯಕರಿಲ್ಲದ ತರಬೇತುದಾರನಿಗೆ ಹೆಚ್ಚೆಂದರೆ 8 ಮಂದಿ ಎಂಬುದು ಪ್ಯಾಡಿಯ ಮಿತಿ. ನೀರು ಕದಡಿದ ದಿನ ಅದೂ ಹೆಚ್ಚೇ.

ಮೂರನೆಯದು, ಮೇಲೆ ಬಂದ ನಂತರದ ಮಾತು. ದೇಹದಲ್ಲಿ ಕರಗಿದ ಸಾರಜನಕ ಹೊರಹೋಗಲು ಸಮಯ ಬೇಕು. ಒಂದೇ ಡೈವ್ ಆದರೆ 12 ಗಂಟೆ, ಹಲವಾದರೆ 18 ಗಂಟೆ ವಿಮಾನ ಹತ್ತಬಾರದೆಂಬುದು ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನ ಸಲಹೆ. ಸುಮಾರು 600 ಮೀಟರ್ ಮೀರಿದ ಎತ್ತರಕ್ಕೂ ಇದೇ ಎಚ್ಚರಿಕೆ ತಕ್ಕದ್ದು. ನೇತ್ರಾಣಿಯಿಂದ ಮರಳಿ ಅಂದೇ ರಾತ್ರಿಯ ಬಸ್ಸಿನಲ್ಲಿ ಘಟ್ಟ ಹತ್ತುವವರು ಬಂದು ಸೇರುವುದು ಸುಮಾರು 900 ಮೀಟರ್ ಎತ್ತರದ ಬೆಂಗಳೂರಿಗೆ! 'ನಿಮ್ಮ ಬಸ್ಸು ಎಷ್ಟು ಹೊತ್ತಿಗೆ?' ಎಂದು ಕೇಳದ ಕೇಂದ್ರ ತನ್ನ ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿದಂತೆ.

ಇಷ್ಟೆಲ್ಲ ಬಯಸಿದರೆ ದರ ಏರುತ್ತದೆ, ಸಾಮಾನ್ಯರಿಗೆ ಸಮುದ್ರ ಎಟುಕುವುದಿಲ್ಲ ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳಿಲ್ಲವೆನ್ನಲಾರೆ. ಆದರೆ ಅಗ್ಗದ ಕೋರ್ಸಿನಲ್ಲಿ ಕಡಿತವಾಗುವುದು ತರಬೇತುದಾರನ ಸಮಯ, ಉಪಕರಣಗಳ ನಿರ್ವಹಣೆ, ದೋಣಿಯಲ್ಲಿರಬೇಕಾದ ಆಮ್ಲಜನಕ. ಈ ಕೊರತೆಗಳು ಎಲ್ಲವೂ ಸರಿಯಿದ್ದ ದಿನ ಯಾರಿಗೂ ಕಾಣುವುದಿಲ್ಲ. ಹಣವಿಲ್ಲದಿದ್ದರೆ ಪರಿಚಯದ ಡೈವ್‌ಗೆ ತೃಪ್ತರಾಗುವುದರಲ್ಲಿ ಅವಮಾನವೇನಿಲ್ಲ. ಅರೆಬರೆ ಕಲಿತು ಪೂರ್ಣ ಕಾರ್ಡು ಪಡೆಯುವುದೇ ಅಪಾಯ.

ಗ್ರಾಹಕ ಕೇಳದ ಗುಣಮಟ್ಟವನ್ನು ಮಾರುಕಟ್ಟೆ ತಾನಾಗಿ ಕೊಡುವುದಿಲ್ಲ. ಹಣ ಪಾವತಿಸುವ ಮುನ್ನ ಹೀಗೆ ಕೇಳಿನೋಡಿ: 'ನಾನು ಸರಿಯಾಗಿ ಕಲಿಯದಿದ್ದರೆ ನೀವು ಏನು ಮಾಡುತ್ತೀರಿ?' 'ಇನ್ನೊಂದು ದಿನ ಉಳಿದುಕೊಳ್ಳಿ, ಅಲ್ಲಿಯವರೆಗೆ ಕಾರ್ಡು ಇಲ್ಲ' ಎನ್ನುವವರಲ್ಲಿಗೆ ಹೋಗಿ.