ಮುಖ ಉಳಿಯಿತು, ಮಾತು?

ನಿಮ್ಮ ಮೊಬೈಲಿನಲ್ಲಿ ಈಗ ಎಷ್ಟು ಫೋಟೋಗಳಿವೆ? ಸಾವಿರ ದಾಟಿದ್ದರೂ ಆಶ್ಚರ್ಯವಿಲ್ಲ. ಅವುಗಳಲ್ಲಿ ಎಷ್ಟನ್ನು ಎರಡನೇ ಸಲ ನೋಡಿದ್ದೀರಿ?

ಸೊರಬದ ನನ್ನ ನಾನಿಯದು ಇರುವುದು ಒಂದೇ ಫೋಟೋ. 1993ರಲ್ಲಿ ಚುನಾವಣಾ ಆಯೋಗವು ಮತದಾರರಿಗೆ ಭಾವಚಿತ್ರವಿರುವ ಗುರುತಿನ ಚೀಟಿ ಕೊಡಬೇಕೆಂದು ಆದೇಶಿಸಿದ ಬಳಿಕ ತೆಗೆದದ್ದು. ಅದಕ್ಕೆ ಮೊದಲು ಅವರು ಕ್ಯಾಮೆರಾದ ಮುಂದೆ ಕುಳಿತವರೇ ಅಲ್ಲ. ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಬೆದರಿದ ಕಣ್ಣುಗಳಿಂದ ನೋಡುತ್ತಿದ್ದಾರೆ. ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, ಶಿಕಾರಿಪುರದ ಸ್ಟುಡಿಯೋದಲ್ಲಿ ಆ ಚಿತ್ರವನ್ನು ದೊಡ್ಡದು ಮಾಡಿಸಿ ಅಮ್ಮಿಯ ಕೈಗೆ ಕೊಟ್ಟೆ. ಅಮ್ಮಿ ಬಹಳ ಹೊತ್ತು ನೋಡಿದರು. "ಮುಖ ಅವರದೇ. ಆದರೆ ನನ್ನ ಅಮ್ಮ ಹೀಗಿರಲಿಲ್ಲ ಮಗಳೇ. ಅವರು ಯಾರಿಗೂ ಹೆದರಿದವರಲ್ಲ" ಎಂದರು.

ಹಾಗಾದರೆ ನಾವು ಫೋಟೋ ತೆಗೆಯುವುದು ಏಕೆ? ಕಳೆದುಹೋಗುತ್ತದೆಂಬ ಭಯದಿಂದ. ಮಕ್ಕಳು ಬೆಳೆಯುತ್ತಾರೆ, ಹಿರಿಯರು ಅಗಲುತ್ತಾರೆ. ಈ ಭಯ ಸಹಜ. ಆದರೆ ಕ್ಯಾಮೆರಾ ಕ್ಲಿಕ್ ಎಂದೊಡನೆ 'ಇನ್ನು ಉಳಿಯಿತು' ಎಂದುಕೊಂಡು ಮನಸ್ಸು ತನ್ನ ಕೆಲಸ ನಿಲ್ಲಿಸುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಸ್ತುಸಂಗ್ರಹಾಲಯಕ್ಕೆ ಹೋದವರಿಗೆ ತಾವು ಫೋಟೋ ತೆಗೆದ ವಸ್ತುಗಳಿಗಿಂತ ಸುಮ್ಮನೆ ನೋಡಿದ ವಸ್ತುಗಳೇ ಹೆಚ್ಚು ನೆನಪಿದ್ದವು. 2017ರ ಇನ್ನೊಂದು ಅಧ್ಯಯನ ಬೇರೆ ಮಾತು ಹೇಳಿತು: ಇಷ್ಟಪಟ್ಟು ಫೋಟೋ ತೆಗೆದವರಿಗೆ ಕಂಡದ್ದು ಚೆನ್ನಾಗಿ ನೆನಪಿತ್ತು, ಕೇಳಿದ್ದು ಮಾತ್ರ ಕಡಿಮೆಯಾಗಿತ್ತು.

ನಮ್ಮ ಸೀಮೆಯನ್ನೇ ನೋಡಿ. ಸೊರಬ ತಾಲೂಕಿನಲ್ಲಿ ಎಷ್ಟೊಂದು ವೀರಗಲ್ಲುಗಳಿವೆ! ಕಾದಾಡುವ ವೀರನ ಚಿತ್ರ ಕಲ್ಲಿನಲ್ಲಿ ಸ್ಪಷ್ಟವಾಗಿದೆ. ಆದರೆ ಅಕ್ಷರವಿಲ್ಲದ ಕಲ್ಲಿನ ಮುಂದೆ ನಿಂತರೆ, ಆತ ಯಾರು, ಯಾರಿಗಾಗಿ ಸತ್ತ ಎಂದು ತಿಳಿಯುವುದಿಲ್ಲ. ಇತ್ತ ಶಿಕಾರಿಪುರ ತಾಲೂಕಿನ ತಾಳಗುಂದದಲ್ಲಿ ಐದನೇ ಶತಮಾನದ ಕಂಬ ಶಾಸನವಿದೆ. ಅದರಲ್ಲಿ ಮಯೂರಶರ್ಮನ ಚಿತ್ರವಿಲ್ಲ. ಆದರೆ ಆತ ಓದಲು ಕಂಚಿಗೆ ಹೋದದ್ದು, ಪಲ್ಲವರ ಕುದುರೆ ಸವಾರನೊಡನೆ ಜಗಳವಾದದ್ದು, ಅವಮಾನ ತಾಳದೆ ಖಡ್ಗ ಹಿಡಿದದ್ದು ಇಂದಿಗೂ ನಮಗೆ ಗೊತ್ತು. ಯಾರೋ ಅದನ್ನು ಹೇಳಿದರು, ಬರೆದರು.

ನಮ್ಮ ಪ್ರವಾದಿಯವರ(ಸ) ಚಿತ್ರವೂ ಇಲ್ಲ. ಹಿಜ್ರಾದ ದಾರಿಯಲ್ಲಿ ಅವರು ಉಮ್ಮು ಮಅ್‌ಬದ್ ಎಂಬ ಮಹಿಳೆಯ ಡೇರೆಯ ಬಳಿ ಕೆಲಹೊತ್ತು ತಂಗಿದ್ದರು. ಮನೆಗೆ ಮರಳಿದ ಪತಿ, ಬಂದವರು ಹೇಗಿದ್ದರೆಂದು ಕೇಳಿದಾಗ, ಆಕೆ ಅವರ ಮುಖ, ಕಣ್ಣು, ಧ್ವನಿ, ಮೌನ, ಮಾತಿನ ರೀತಿ ಎಲ್ಲವನ್ನೂ ವಿವರಿಸಿದರು. ಮರುಭೂಮಿಯ ಒಬ್ಬ ಗೃಹಿಣಿ ಗಮನವಿಟ್ಟು ನೋಡಿ ಹೇಳಿದ ಆ ವರ್ಣನೆಯನ್ನು ಜನರು ಇಂದಿಗೂ ಪ್ರೀತಿಯಿಂದ ಓದುತ್ತಾರೆ.

ಫೋಟೋ ತೆಗೆಯಬೇಡಿ ಎನ್ನುತ್ತಿಲ್ಲ. ನಾನಿಯ ಆ ಚಿತ್ರ ಇಲ್ಲದಿದ್ದರೆ ಅಂದು ಅಮ್ಮಿ ಬಾಯಿ ತೆರೆಯುತ್ತಲೇ ಇರಲಿಲ್ಲವೇನೋ. ಅಂದು ಅವರು ಹೇಳುತ್ತಾ ಹೋದರು. ನಾನಾ ಹಾಸಿಗೆ ಹಿಡಿದ ವರ್ಷ ನಾನಿ ಒಬ್ಬರೇ ನಿಂತು ಗದ್ದೆ ನಾಟಿ ಮಾಡಿಸಿದ್ದು, ಸಾಲ ಕೇಳಲು ಬಂದು ಕೂಗಾಡಿದವನಿಗೆ ಬಾಗಿಲ ಹಿಂದಿನಿಂದಲೇ ಉತ್ತರ ಕೊಟ್ಟು ಕಳುಹಿಸಿದ್ದು. ಕೊನೆಗೆ, ರಮಝಾನಿನಲ್ಲಿ ಸಹ್ರಿಗೆ ಮಕ್ಕಳನ್ನು ಎಬ್ಬಿಸುವ ನಾನಿಯ ಗಡಸು ದನಿಯನ್ನು ಹಾಗೆಯೇ ಅನುಕರಿಸಿ ತೋರಿಸಿದರು. ನಾನಿಯನ್ನು ಎಂದೂ ಕಾಣದ ನನ್ನ ಮಗಳು ಬಿದ್ದು ಬಿದ್ದು ನಕ್ಕಳು.

ಅಮ್ಮಿಗೆ ಈಗ 76. ಈಚೆಗೆ ಹೆಸರುಗಳು ಮರೆಯತೊಡಗಿವೆ. ಆ ದನಿ ಇರುವುದು ಅವರೊಬ್ಬರಲ್ಲಿ ಮಾತ್ರ.

ಸಹೋದರಿ, ನಿಮ್ಮ ಮನೆಯ ಕಪಾಟಿನಲ್ಲೂ ಹಳೆಯ ಆಲ್ಬಮ್ ಇರಬಹುದು. ಇಂದು ಮಗ್ರಿಬ್ ನಮಾಝಿನ ಬಳಿಕ ಅದನ್ನು ತೆಗೆದುಕೊಂಡು ಅಮ್ಮನ ಅಥವಾ ಅತ್ತೆಯ ಬಳಿ ಕುಳಿತುಕೊಳ್ಳಿ. 'ಇವರು ಯಾರು? ಹೇಗೆ ಮಾತಾಡುತ್ತಿದ್ದರು?' ಎಂದು ಕೇಳಿ. ಪ್ರತಿ ಫೋಟೋದ ಹಿಂದೆ ಹೆಸರು, ಊರು ಬರೆದಿಡಿ. ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿ. ಹೇಳುವವರು ಇರುವಾಗಲೇ ಕೇಳಬೇಕಲ್ಲವೇ?