ಗುಜರಿಯಲ್ಲಿ ಹುಟ್ಟಿದ ಗಾಡಿಗೆ ನೋಂದಣಿ ಎಲ್ಲಿ?

ಬೈಲಹೊಂಗಲದ ಹೊರವಲಯದ ಗ್ಯಾರೇಜೊಂದರ ಹಿತ್ತಲಲ್ಲಿ ಮೂರು ವರ್ಷಗಳಿಂದ ಒಂದು ಪಿಕಪ್ ಟ್ರಕ್ ಮೈದಳೆಯುತ್ತಿದೆ. ಅದರ ಮೂತಿ ಹಾಗೂ ಕ್ಯಾಬಿನ್ ಹಳೆಯ ಫಾರ್ಗೋ ಗಾಡಿಯದು. ಚಾಸಿಸ್ ಮಹೀಂದ್ರ ಪಿಕಪ್‌ನದು. ಅಗಲ ಸಾಲದೆಂದು ಬೆಸುಗೆ ಹಾಕಿ ಹಿಗ್ಗಿಸಲಾಗಿದೆ. ಎಂಜಿನ್ ಮ್ಯಾಟಡೋರ್‌ನದು. ರೇಡಿಯೇಟರ್ ರಾಮದುರ್ಗದಲ್ಲಿ, ಸ್ಟೀರಿಂಗ್ ಸವದತ್ತಿಯಲ್ಲಿ, ಗಾಲಿಗಳು ಕಿತ್ತೂರಿನ ಹೆದ್ದಾರಿ ಬದಿಯ ಗುಜರಿಯಲ್ಲಿ ಸಿಕ್ಕಿದವು. ಹಿಂದಿನ ಆ್ಯಕ್ಸಲ್ ಎಲ್ಲಿಯದೆಂಬುದನ್ನು ಮಿಸ್ತ್ರಿಯೇ ಮರೆತಿದ್ದಾರೆ. ಹೋದ ಸಲ ಕಂಡಾಗ ಅವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ‘ಇದನ್ನ ರಸ್ತೇಕ ತಂದರ ತಪ್ಪೇನ್ರಿ ಸರ?’

ತಪ್ಪು ಎನ್ನುತ್ತದೆ ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ 2000ದಲ್ಲಿ ತಂದ ತಿದ್ದುಪಡಿಯ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ಯಾವ ವಾಹನವನ್ನೂ ಮಾರ್ಪಡಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಪ್ರತಿ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸಿತು. ಮಾರ್ಪಾಡುಗಳನ್ನು ಒಂದೊಂದಾಗಿ ಎಣಿಸತೊಡಗಿದರೆ ನಮ್ಮ ಮಿಸ್ತ್ರಿಯ ಗಾಡಿಯ ದಂಡವೇ ಅದರ ಬೆಲೆಯನ್ನು ಮೀರೀತು.

ಹಳೆಯ ವಾಹನಗಳ ಅಭಿಮಾನಿಗಳಿಗಾಗಿ ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಪ್ರತ್ಯೇಕ ನಿಯಮ ತಂದಿದೆಯಲ್ಲ ಎಂದು ಕೇಳಬಹುದು. ಐವತ್ತು ವರ್ಷ ದಾಟಿದ ವಾಹನಗಳಿಗೆ ‘ವಿಎ’ ಸರಣಿಯ ಫಲಕ, ಹತ್ತು ವರ್ಷದ ನೋಂದಣಿ, 20,000 ರೂಪಾಯಿ ಶುಲ್ಕ. ಆದರೆ ಷರತ್ತೊಂದಿದೆ: ಚಾಸಿಸ್, ಮೈಕವಚ, ಎಂಜಿನ್ ಮೂಲರೂಪದಲ್ಲೇ ಉಳಿದಿರಬೇಕು. ಅಂದರೆ ಬಂಗಲೆಯ ಶೆಡ್ಡಿನಲ್ಲಿ ಬಟ್ಟೆ ಹೊದಿಸಿಟ್ಟ ಕಾರು ಪರಂಪರೆ. ದುಡಿದು ಮುರಿದು, ಬೇರೆ ಗಾಡಿಗಳ ಅಂಗಾಂಗಗಳಿಂದ ಮತ್ತೆ ಎದ್ದುನಿಂತದ್ದು ಅಪರಾಧ. ನಮ್ಮ ಕಡೆಯ ವಾಹನಗಳ ನಿಜವಾದ ಚರಿತ್ರೆ ಎರಡನೆಯದರಲ್ಲೇ ಇದೆ. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲ್ ಕುಡಿಯುವ ದೊಡ್ಡ ಅಮೆರಿಕನ್ ಕಾರುಗಳಿಗೆ ಡೀಸೆಲ್ ಎಂಜಿನ್ ಕೂರಿಸಿ ಟ್ಯಾಕ್ಸಿಗಳಾಗಿ ಓಡಿಸಿದವರು, ಅಂಬಾಸಡರಿಗೆ ಮ್ಯಾಟಡೋರ್ ಎಂಜಿನ್ ಹೊಂದಿಸಿದವರು ಇಂಥ ಮಿಸ್ತ್ರಿಗಳೇ. ಆಗ ಅದನ್ನು ಯಾರೂ ಹವ್ಯಾಸವೆನ್ನಲಿಲ್ಲ, ಹೊಟ್ಟೆಪಾಡೆಂದರು.

ಅಮೆರಿಕದಲ್ಲಿ ‘ಹಾಟ್ ರಾಡ್’ ಎಂಬ ಸಂಸ್ಕೃತಿ ಮೊದಲಾದದ್ದೂ ಹೆಚ್ಚುಕಡಿಮೆ ಹೀಗೆಯೇ. 1930ರ ದಶಕದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಯುವಕರು ಅಗ್ಗಕ್ಕೆ ಸಿಗುತ್ತಿದ್ದ ಹಳೆಯ ಫೋರ್ಡ್‌ಗಳ ಭಾರ ಕಳಚಿ, ಬಲವಾದ ಎಂಜಿನ್ ಕೂರಿಸಿ ಒಣಗಿದ ಸರೋವರಗಳ ಮೇಲೆ ಓಡಿಸಿದರು. ಅಲ್ಲಿನ ರಾಜ್ಯಗಳು ಕಾಲಕ್ರಮದಲ್ಲಿ ಇಂಥ ವಾಹನಗಳಿಗೆ ನೋಂದಣಿಯ ಪ್ರತ್ಯೇಕ ವರ್ಗಗಳನ್ನು ರೂಪಿಸಿದವು. ಬ್ರಿಟನ್ನಿನಲ್ಲಿ ಬಿಡಿಭಾಗಗಳಿಂದ ಕಟ್ಟಿದ ಒಂಟಿ ವಾಹನವನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿ, ವಯಸ್ಸು ತಿಳಿಯದಿದ್ದರೆ ‘ಕ್ಯೂ’ ಅಕ್ಷರದ ಫಲಕ ನೀಡುವ ಪದ್ಧತಿಯಿದೆ. ನಮ್ಮಲ್ಲಿ ಮಾದರಿ ವಾಹನದ ಅನುಮೋದನೆಗೆ ಪುಣೆಯ ಎಆರ್‌ಎಐಯಂಥ ಸಂಸ್ಥೆಗಳಿವೆ. ಆದರೆ ಆ ವ್ಯವಸ್ಥೆ ಸಾವಿರಾರು ವಾಹನ ತಯಾರಿಸುವ ಕಂಪನಿಗಳಿಗಾಗಿ ರೂಪುಗೊಂಡದ್ದು. ಒಂದೇ ಗಾಡಿ ಕಟ್ಟಿದವನಿಗೆ ಅಲ್ಲಿ ಬಾಗಿಲಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಬೆಸುಗೆ ಹಾಕಿದ್ದೆಲ್ಲವನ್ನೂ ರಸ್ತೆಗೆ ಬಿಡಿ ಎಂಬುದು ನನ್ನ ವಾದವಲ್ಲ. ಚಾಸಿಸ್ಸಿಗೆ ಹಾಕಿದ ಬೆಸುಗೆ ಹೊರಗೆ ಎಷ್ಟೇ ಅಂದವಾಗಿರಲಿ, ಒಳಗೆ ಸರಿಯಾಗಿ ಬೆಸೆದುಕೊಂಡಿರದಿದ್ದರೆ ಯಾವುದೋ ಒಂದು ಗುಂಡಿಯಲ್ಲಿ ಬಿರುಕು ಬಿಡುತ್ತದೆ. ಎಂಜಿನ್ ಬದಲಾದಾಗ ಮುಂದಿನ ಗಾಲಿಗಳ ಮೇಲಿನ ಭಾರ ಬದಲಾಗುತ್ತದೆ. ಬ್ರೇಕು ಮಾತ್ರ ಹಳೆಯದೇ ಉಳಿಯುತ್ತದೆ. ಸ್ಟೀರಿಂಗ್ ಒಂದು ಗಾಡಿಯದು, ಆ್ಯಕ್ಸಲ್ ಇನ್ನೊಂದರದು ಆದಾಗ ಎರಡರ ಜ್ಯಾಮಿತಿ ಕೂಡದಿದ್ದರೆ ತಗ್ಗಿನಲ್ಲಿ ಗಾಡಿ ತಾನಾಗಿಯೇ ಪಕ್ಕಕ್ಕೆ ಎಳೆಯುತ್ತದೆ. ಮಿಸ್ತ್ರಿಯ ಕೈಗುಣದಲ್ಲಿ ನನಗೆ ನಂಬಿಕೆಯಿದೆ. ಎದುರಿನಿಂದ ಬರುವ ಶಾಲಾ ಮಕ್ಕಳ ಆಟೊಗೆ ಆ ನಂಬಿಕೆ ಸಾಲದು. 2013ರಲ್ಲಿ ಉತ್ತರ ಭಾರತದ ‘ಜುಗಾಡ್’ ಗಾಡಿಗಳೂ ಮೋಟಾರು ವಾಹನಗಳೇ, ಅವಕ್ಕೂ ನೋಂದಣಿ, ವಿಮೆ ಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ಸರಿಯಾಗಿಯೇ ಇತ್ತು. ವಿಮೆಯಿಲ್ಲದ ಗಾಡಿ ಬಡಿದರೆ ಸತ್ತವನ ಮನೆಯವರಿಗೆ ಪರಿಹಾರ ಕೊಡುವವರಾರು?

ಆದರೆ ಇದೇ ಸುರಕ್ಷತೆಯ ಕಾಳಜಿ ನಮ್ಮ ರಸ್ತೆಗಳಲ್ಲಿ ಎಷ್ಟು ಕಾಣುತ್ತದೆ? 2023ರ ಜನವರಿಯಲ್ಲಿ ರಾಮದುರ್ಗ ತಾಲ್ಲೂಕಿನ ಚುಂಚನೂರು ಬಳಿ, ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೊರಟಿದ್ದ ಭಕ್ತರನ್ನು ತುಂಬಿಕೊಂಡ ಪಿಕಪ್ ವಾಹನ ಆಲದ ಮರಕ್ಕೆ ಬಡಿದು ಆರು ಜನ ಸತ್ತರು. ಅದು ಗುಜರಿಯ ಗಾಡಿಯಲ್ಲ, ಕಂಪನಿಯಿಂದ ಬಂದ ಸರಕು ವಾಹನ. ಸರಕಿನ ಜಾಗದಲ್ಲಿ ಜನ ಕೂತಿದ್ದರು, ಅಷ್ಟೆ. ಭರತ ಹುಣ್ಣಿಮೆಯ ಜಾತ್ರೆಗೆ ಇಂದಿಗೂ ಜನ ಹಾಗೆಯೇ ಹೋಗುತ್ತಾರೆ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುತ್ತ, ಹಿಂದೊಂದು ಕೆಂಪು ದೀಪವೂ ಇಲ್ಲದೆ ರಾತ್ರಿ ಸಾಗುವ ಟ್ರ್ಯಾಕ್ಟರುಗಳನ್ನು ನೋಡದವರು ಈ ನಾಲ್ಕು ತಾಲ್ಲೂಕುಗಳಲ್ಲಿ ಇರಲಾರರು. ಅವನ್ನು ತಡೆದರೆ ರೈತರು, ಕಾರ್ಖಾನೆಗಳು, ಭಕ್ತರು ಎಲ್ಲರೂ ಮುನಿಯುತ್ತಾರೆ. ಒಬ್ಬ ಮಿಸ್ತ್ರಿಯನ್ನು ತಡೆದರೆ ಮುನಿಯುವವರಿಲ್ಲ.

ವಿಪರ್ಯಾಸ ಇನ್ನೂ ಒಂದಿದೆ. 2007ರಿಂದ ನಡೆಯುತ್ತಿರುವ ‘ಬಾಹಾ’ ಸ್ಪರ್ಧೆಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಳವೆ ಬೆಸೆದು ವಾಹನ ಕಟ್ಟಿ ಬಹುಮಾನ ಪಡೆಯುತ್ತಾರೆ. ಅವರ ವಾಹನಗಳನ್ನು ಬ್ರೇಕ್ ಪರೀಕ್ಷೆಯಿಂದ ಮೊದಲ್ಗೊಂಡು ಕೂಲಂಕಷವಾಗಿ ತಪಾಸಣೆ ಮಾಡಿದ ಮೇಲೆಯೇ ಓಟಕ್ಕೆ ಬಿಡುತ್ತಾರೆ. ಅಂದಮೇಲೆ ಒಂಟಿ ವಾಹನವನ್ನು ಪರೀಕ್ಷಿಸುವುದು ಅಸಾಧ್ಯವಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರವೇ ಬೆಳಗಾವಿಯಲ್ಲಿದೆ. ಎರಕ ಮತ್ತು ಯಂತ್ರಭಾಗಗಳ ಕೈಗಾರಿಕೆ ಉದ್ಯಮಬಾಗದಲ್ಲಿದೆ. ಬೆಸುಗೆ, ಬ್ರೇಕು, ಸ್ಟೀರಿಂಗ್ ಪರೀಕ್ಷಿಸಿ, ಬಿಡಿಭಾಗಗಳ ಖರೀದಿ ರಸೀದಿ ನೋಡಿ (ಕದ್ದ ಮಾಲು ಸೇರಬಾರದಲ್ಲ), ವರ್ಷಕ್ಕಿಷ್ಟೇ ಕಿಲೋಮೀಟರ್ ಎಂಬ ಮಿತಿ ಹಾಕಿ, ವಿಮೆ ಕಡ್ಡಾಯ ಮಾಡಿ ಫಲಕ ಕೊಡುವ ನಿಯಮವೊಂದನ್ನು ಕೇಂದ್ರ ಸಾರಿಗೆ ಸಚಿವಾಲಯ ರೂಪಿಸಲು ಅಡ್ಡಿಯೇನು? ಗ್ಯಾಸ್ ಕಿಟ್‌ಗೆ, ಬ್ಯಾಟರಿ ಕಿಟ್‌ಗೆ ಕಾಯ್ದೆಯಲ್ಲಿ ಈಗಾಗಲೇ ದಾರಿ ಮಾಡಿಕೊಡಲಾಗಿದೆ.

ಅವಸರಕ್ಕೂ ಕಾರಣವಿದೆ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಅಷ್ಟೇ ಹಳೆಯ ಸರ್ಕಾರಿ ವಾಹನಗಳ ನೋಂದಣಿ 2023ರಿಂದ ನಿಂತೇಹೋಯಿತು. ಹೊಗೆಯುಗುಳುವ ವಾಹನ ರಸ್ತೆಯಿಂದ ಸರಿಯಬೇಕು, ನಿಜ. ಆದರೆ ಅವುಗಳೊಂದಿಗೆ ಫಾರ್ಗೋ, ಬೆಡ್‌ಫರ್ಡ್, ಮ್ಯಾಟಡೋರ್‌ಗಳ ಅಳಿದುಳಿದ ಭಾಗಗಳೂ ಕುಲುಮೆಗೆ ಹೋಗುತ್ತಿವೆ. ಅವನ್ನು ಹೊಂದಿಸಬಲ್ಲ ಕೈಗಳಿಗೂ ವಯಸ್ಸಾಗುತ್ತಿದೆ. ಮಿಸ್ತ್ರಿಯ ಮಗ ಹುಬ್ಬಳ್ಳಿಯ ಷೋರೂಮಿನಲ್ಲಿ ಕಂಪ್ಯೂಟರ್ ಜೋಡಿಸಿ ದೋಷ ಪತ್ತೆಮಾಡುವ ಕೆಲಸದಲ್ಲಿದ್ದಾನೆ.

ಬೈಲಹೊಂಗಲಕ್ಕೆ ಕೆಎ-24 ಎಂಬ ತನ್ನದೇ ನೋಂದಣಿ ಸಂಖ್ಯೆಯಿದೆ, ಸಾರಿಗೆ ಕಚೇರಿಯಿದೆ. ಮಿಸ್ತ್ರಿಯ ಟ್ರಕ್ಕಿನ ಮುಂದೆ ಆ ಫಲಕಕ್ಕೆಂದು ಎರಡು ತೂತು ಕೊರೆದಾಗಿದೆ. ಸದ್ಯಕ್ಕೆ ಅದು ಹಿತ್ತಲಿನಿಂದ ಗೇಟಿನವರೆಗೆ ಓಡುತ್ತದೆ. ಡಾಂಬರು ರಸ್ತೆ ಮುಟ್ಟುವ ಮುನ್ನ ಅವರು ರಿವರ್ಸ್ ಗೇರ್ ಹಾಕುತ್ತಾರೆ.