ಸೀಟು ಸಿಗದ ಮಕ್ಕಳ ಮನೆಗೆ ಯಾರು ಹೋಗುತ್ತಾರೆ?

ಪರೀಕ್ಷೆಯ ದಿನಗಳು ಬಂದವೆಂದರೆ ನಮ್ಮಂಥ ಉಸ್ತಾದರ ಬಳಿಗೆ ಪೆನ್ನುಗಳು ಬರಲು ಶುರುವಾಗುತ್ತದೆ. ಸುಬ್‌ಹ್ ನಮಾಝ್ ಮುಗಿಸಿ ಹೊರಗೆ ಬಂದರೆ ಯಾರಾದರೊಬ್ಬ ಉಪ್ಪ ಮಗಳ ಪೆನ್ನು, ಹಾಲ್ ಟಿಕೆಟು, ಒಂದು ಬಾಟ್ಲಿ ನೀರು ಹಿಡಿದು ನಿಂತಿರುತ್ತಾರೆ. "ಉಸ್ತಾದ್, ಒಂದು ದುಆ ಮಾಡಿ ಊದಿಕೊಡಿ." ನಾನು ಮಾಡಿಕೊಡುತ್ತೇನೆ. ನೀಟ್ ಪರೀಕ್ಷೆಗೆ ಮನೆಯ ಪೆನ್ನು ಒಳಗೆ ಬಿಡುವುದಿಲ್ಲ, ಅಲ್ಲಿಯೇ ಒಂದು ಪೆನ್ನು ಕೊಡುತ್ತಾರೆ ಅಂತ ನನಗೆ ಗೊತ್ತು. ಆದರೂ ಆ ಮುಖ ನೋಡಿ ಹೇಳಲು ಮನಸ್ಸು ಬರುವುದಿಲ್ಲ.

ಫಲಿತಾಂಶ ಬಂದ ಮೇಲೆ ಅದೇ ಉಪ್ಪ ಎರಡು ಮೂರು ವಾರ ಜುಮಾಕ್ಕೆ ಕೊನೆಯ ಸಫ್‌ನಲ್ಲಿ ನಿಲ್ಲುತ್ತಾರೆ. ನಮಾಝ್ ಮುಗಿದ ಕೂಡಲೇ ಚಪ್ಪಲಿ ಹುಡುಕಿಕೊಂಡು ಹೊರಡುತ್ತಾರೆ. ಹೊರಗೆ ನಿಂತರೆ ನಾವೆಲ್ಲ ಏನು ಕೇಳುತ್ತೇವೆ ಅಂತ ಅವರಿಗೆ ಗೊತ್ತುಂಟು. "ಮಗನಿಗೆ ಎಷ್ಟು ಬಂತು?"

ಕಳೆದ ಜೂನ್‌ನಲ್ಲಿ ನೀಟ್ ಫಲಿತಾಂಶ ಬಂದ ನಂತರ ಆರ್.ಟಿ. ನಗರದ ಒಬ್ಬ ಹುಡುಗ ಮಸೀದಿಗೆ ಬರುವುದನ್ನೇ ನಿಲ್ಲಿಸಿದ. ಮದ್ರಸದಲ್ಲಿ ಸಣ್ಣ ಮಕ್ಕಳಿಗೆ ಅಲಿಫ್, ಬಾ ಹೇಳಿಕೊಡಲು ನನಗೆ ಸಹಾಯ ಮಾಡುತ್ತಿದ್ದವ. ಉಪ್ಪನದ್ದು ಯಶವಂತಪುರದಲ್ಲಿ ಸಣ್ಣ ಹೋಟೆಲು. ಒಂದು ತಿಂಗಳಾದ ಮೇಲೆ ನಾನೇ ಮನೆಗೆ ಹೋದೆ. ನಾನು ಹೋದದ್ದು ಅಷ್ಟು ತಡವಾಗಿ, ಅದು ನನ್ನದೇ ತಪ್ಪು. ಉಮ್ಮ ಒಳಗಿನಿಂದ "ಸರಿಯಾಗಿ ಊಟವೂ ಮಾಡುವುದಿಲ್ಲ ಉಸ್ತಾದ್" ಅಂದರು. ಹುಡುಗ ಹೊರಗೆ ಬಂದು ಸಲಾಂ ಹೇಳಿ ಮೊದಲು ಆಡಿದ ಮಾತು ಇದು: "ನಿಮ್ಮ ದುಆ ವೇಸ್ಟ್ ಆಯ್ತು ಉಸ್ತಾದ್, ಮಾಫ್ ಮಾಡಿ."

ಇಷ್ಟು ವರ್ಷ ಪಾಠ ಹೇಳಿದ ನನ್ನ ಬಾಯಿಗೆ ಒಂದು ಉತ್ತರವೂ ಬರಲಿಲ್ಲ.

ಮತ್ತೆ ನಿಧಾನಕ್ಕೆ ಮಾತಾಡಿದ. ಪರೀಕ್ಷೆ ಬರೆದ ಮೂರು ಗಂಟೆ ಅವನಿಗೆ ಅಷ್ಟು ಕಷ್ಟ ಆಗಿರಲಿಲ್ಲವಂತೆ. ಕಷ್ಟ ಆದದ್ದು ಫಲಿತಾಂಶದ ದಿನ ಕುಟುಂಬದ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ. ಮಾವನ ಮಗನ ಫೋಟೋ ಬಂತು, ಮಾಶಾ ಅಲ್ಲಾಹ್‌ಗಳು ಸಾಲಾಗಿ ಬಂದವು, ನಡುವೆ ಒಬ್ಬರು ಇವನ ಹೆಸರು ಹಾಕಿ "ನಿನ್ನದು?" ಎಂದು ಕೇಳಿದರು. ಇವನು ಫೋನ್ ಸ್ವಿಚ್ ಆಫ್ ಮಾಡಿದ. "ನನ್ನಿಂದ ಉಪ್ಪನಿಗೆ ಮರ್ಯಾದೆ ಹೋಯಿತು" ಅಂತ ಹದಿನೆಂಟರ ಹುಡುಗ ಹೇಳುತ್ತಾನೆ. ಕಳ್ಳತನ ಮಾಡಿದವನಲ್ಲ, ಸುಳ್ಳು ಹೇಳಿದವನಲ್ಲ. ಪಿಯುಸಿಯಲ್ಲಿ ಫಸ್ಟ್ ಕ್ಲಾಸಿನಲ್ಲಿ ಪಾಸಾದವ.

ಲೆಕ್ಕವನ್ನಾದರೂ ನೋಡಬೇಡವೇ? 2025ರಲ್ಲಿ ನೀಟ್ ಬರೆದವರು 22 ಲಕ್ಷಕ್ಕೂ ಹೆಚ್ಚು. ದೇಶದಲ್ಲಿ ಸರ್ಕಾರಿ, ಖಾಸಗಿ ಎಲ್ಲ ಸೇರಿ ಎಂಬಿಬಿಎಸ್ ಸೀಟು ಸುಮಾರು 1.2 ಲಕ್ಷ. ಹದಿನೆಂಟು ಮಕ್ಕಳು ಓದಿದರೆ ಒಬ್ಬರಿಗೆ ಸೀಟು. ಉಳಿದ ಹದಿನೇಳು ಮಕ್ಕಳೂ ಸೋಮಾರಿಗಳಾ? ಇನ್ನು ಅಂಕಗಳ ಹೋಲಿಕೆ. 2024ರಲ್ಲಿ ಮೊದಲು ಪ್ರಕಟವಾದ ಫಲಿತಾಂಶದಲ್ಲಿ 67 ಮಂದಿಗೆ 720ಕ್ಕೆ 720 ಬಂದಿತ್ತು. ಗಲಾಟೆಯಾಗಿ, ಸುಪ್ರೀಂ ಕೋರ್ಟಿಗೆ ಹೋಗಿ, ಪರಿಷ್ಕರಿಸಿದ ಮೇಲೆ ಅದು 17ಕ್ಕೆ ಇಳಿಯಿತು. ಮರುವರ್ಷ ಪ್ರಶ್ನೆಪತ್ರಿಕೆ ಎಷ್ಟು ಗಟ್ಟಿ ಇತ್ತೆಂದರೆ ಇಡೀ ದೇಶಕ್ಕೆ ಮೊದಲು ಬಂದವರಿಗೇ 686. ಹೀಗಿರುವಾಗ "ಹೋದ ವರ್ಷ ಅವಳಿಗೆ ಅಷ್ಟು ಬಂದಿತ್ತು, ನಿನಗೆ ಯಾಕೆ ಬರಲಿಲ್ಲ" ಅಂತ ಊಟದ ತಟ್ಟೆಯ ಎದುರು ಕೇಳುವುದರಲ್ಲಿ ಏನು ಅರ್ಥ ಉಂಟು?

ಸನ್ಮಾನ ಮಾಡುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಊರಲ್ಲಿ ಎಸೆಸೆಲ್ಸಿ ಆಗುವ ಮೊದಲೇ ಮಕ್ಕಳನ್ನು ಅಂಗಡಿಗೆ, ಹೋಟೆಲಿಗೆ, ಗಲ್ಫಿಗೆ ಕಳಿಸುತ್ತಿದ್ದ ಕಾಲವನ್ನು ನಾವೇ ಕಂಡಿದ್ದೇವೆ. ಅಲ್ಲಿಂದ ಇಲ್ಲಿಯವರೆಗೆ ಬರಲು ಸಂಘ ಸಂಸ್ಥೆಗಳ ಶಾಲು, ಸ್ಮರಣಿಕೆಗಳು ಸಹ ಕೆಲಸ ಮಾಡಿವೆ, ಅಲ್‌ಹಂದುಲಿಲ್ಲಾಹ್. ಆದರೆ ಈಗ ಆ ವೇದಿಕೆ ಹತ್ತಲು ಒಂದೋ ಡಾಕ್ಟರ್ ಸೀಟು ಬೇಕು, ಇಲ್ಲವೇ ತೊಂಬತ್ತೈದರ ಮೇಲೆ ಅಂಕ ಬೇಕು. ನಾನೂ ಆ ವೇದಿಕೆಗಳಲ್ಲಿ ಕುಳಿತವನೇ. ಫ್ಲೆಕ್ಸ್‌ನಲ್ಲಿ ಫೋಟೋ ಇಲ್ಲದ ಮಕ್ಕಳು ಹಿಂದಿನ ಕುರ್ಚಿಗಳಲ್ಲಿ ಉಮ್ಮನ ಪಕ್ಕ ಕುಳಿತು ಚಪ್ಪಾಳೆ ತಟ್ಟುವುದು ವೇದಿಕೆಯಿಂದ ಚೆನ್ನಾಗಿ ಕಾಣುತ್ತದೆ.

ಹೆಣ್ಣುಮಕ್ಕಳ ಕಷ್ಟ ಬೇರೆಯದೇ. ಗಂಡು ಹುಡುಗನಿಗೆ ಸೀಟು ಸಿಗದಿದ್ದರೆ "ಇನ್ನೊಂದು ವರ್ಷ ಓದಲಿ" ಎನ್ನುತ್ತೇವೆ. ಹುಡುಗಿಗೆ ಸಿಗದಿದ್ದರೆ ಅದೇ ವಾರ ಸಂಬಂಧದ ಮಾತು ಶುರು. ಯಲಹಂಕದ ಒಂದು ಹುಡುಗಿ ನನ್ನ ಹೆಂಡತಿಯ ಹತ್ತಿರ ಹೇಳಿದ್ದಳಂತೆ, "ಈ ಒಂದು ಪರೀಕ್ಷೆ ಹೋದರೆ ನನ್ನ ಓದು ಅಲ್ಲಿಗೆ ಮುಗಿಯಿತು" ಅಂತ. ತಲೆಯ ಮೇಲೆ ಅಷ್ಟು ಭಾರ ಇಟ್ಟುಕೊಂಡು ಆ ಮಗು ನೂರೆಂಬತ್ತು ಪ್ರಶ್ನೆಗಳಿಗೆ ಉತ್ತರ ಬರೆಯಬೇಕು.

ನಮ್ಮವರದ್ದೇ ಒಂದು ಮಾತು ನನಗೆ ತುಂಬಾ ನೋವು ಕೊಡುತ್ತದೆ. "ಐದು ವಕ್ತ್ ಸರಿಯಾಗಿ ನಮಾಝ್ ಮಾಡಲಿಲ್ಲ, ಅದಕ್ಕೇ ಹೀಗಾಯಿತು." ಕೆಲವು ಉಸ್ತಾದರೂ ಇದನ್ನು ಹೇಳುವುದು ಕೇಳಿದ್ದೇನೆ. ನಮಾಝ್ ಫರ್ಳ್, ಅದು ಅಂಕಕ್ಕೆ ಕೊಡುವ ಬಾಡಿಗೆಯಲ್ಲ. ಒಂಟೆಯನ್ನು ಕಟ್ಟಿಹಾಕುವ ಹದೀಸ್ ಮದ್ರಸದ ಸಣ್ಣ ಮಕ್ಕಳಿಗೂ ಗೊತ್ತು. ಕಟ್ಟುವ ಕೆಲಸ ನಮ್ಮದು, ಆಮೇಲಿನದ್ದು ನಮ್ಮ ಕೈಯಲ್ಲಿಲ್ಲ. ಮಗು ಎರಡು ವರ್ಷ ರಾತ್ರಿ ಹನ್ನೆರಡರವರೆಗೆ ಓದಿದೆಯಲ್ಲ, ಅದು ಕಟ್ಟಿದ್ದೇ ಅಲ್ಲವಾ? ಸೋತ ದಿನವೇ ದೀನನ್ನು ಕೋಲಿನ ಹಾಗೆ ಹಿಡಿದು ಹೊಡೆದರೆ ಆ ಮಗು ಮಸೀದಿಯಿಂದ ದೂರ ಹೋಗುತ್ತದೆ.

ಟ್ಯೂಷನ್‌ನವರನ್ನೂ ಬಿಡಬೇಕಾಗಿಲ್ಲ. ಹದಿನಾರು ವರ್ಷ ಆಗದ ಮಕ್ಕಳನ್ನು ಸೇರಿಸಬಾರದು, ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೂರಿಸಬಾರದು ಎಂದು 2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಇಲಾಖೆ ಕೋಚಿಂಗ್ ಸೆಂಟರ್‌ಗಳಿಗೆ ಮಾರ್ಗಸೂಚಿ ಕೊಟ್ಟಿದೆ. ಅಂಕದ ಮೇಲೆ ಬ್ಯಾಚ್ ವಿಂಗಡಿಸಬಾರದು, ಎಲ್ಲರೆದುರು ಅವಮಾನಿಸಬಾರದು ಎಂದು 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎಂಟನೇ ಕ್ಲಾಸಿನಲ್ಲೇ ಮಗುವನ್ನು ಮದ್ರಸ ಬಿಡಿಸಿ ಫೌಂಡೇಶನ್ ಕೋರ್ಸಿಗೆ ಹಾಕುವ ಪೋಷಕರು ಫೀಸು ಕಟ್ಟುವಾಗ ಇದನ್ನೊಮ್ಮೆ ಕೇಳಿ ನೋಡಬಹುದು.

ಒತ್ತಡದಲ್ಲಿ ಅರ್ಧ ಪಾಲು ಬರುವುದು ಗೊತ್ತಿಲ್ಲದ್ದರಿಂದ. ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಉಂಟು, ಅದರಲ್ಲಿ ಒಳ್ಳೆಯ ಅಂಕ ಇಟ್ಟುಕೊಳ್ಳಬಹುದು ಅಂತ ಎಷ್ಟು ಉಮ್ಮಂದಿರಿಗೆ ಗೊತ್ತು? ಹೆಬ್ಬಾಳದಿಂದ ಯಲಹಂಕಕ್ಕೆ ಬಸ್ಸಿನಲ್ಲಿ ಹೋಗುವ ನಮ್ಮ ಮಕ್ಕಳು ದಿನಾ ಜಿಕೆವಿಕೆ ಗೇಟು ನೋಡುತ್ತಾರೆ. ಅದರೊಳಗೆ ಸಿಇಟಿ ಮೂಲಕ ಬಿ.ಎಸ್ಸಿ. ಕೃಷಿ ಓದಬಹುದು ಅಂತ ಮನೆಯಲ್ಲಿ ಒಬ್ಬರಾದರೂ ಮಾತಾಡಿದ್ದುಂಟಾ? ಫಾರ್ಮಸಿಯೂ ಸಿಇಟಿಯಲ್ಲೇ ಉಂಟು. ನಮಗೆ 2ಬಿಯಲ್ಲಿ ಶೇ. 4 ಮೀಸಲಾತಿ ಇದೆ, ಆದರೆ ನಾಡಕಚೇರಿಯ ಪ್ರಮಾಣಪತ್ರ, ಅದರ ಆರ್‌ಡಿ ನಂಬರ್ ಸರಿ ಇರಬೇಕು. ಬಂಟ್ವಾಳ, ಬೆಳ್ತಂಗಡಿಯ ಹಳ್ಳಿಗಳಲ್ಲಿ ಒಂದರಿಂದ ಹತ್ತು ಓದಿ ಪಿಯುಸಿಗೆ ಇಲ್ಲಿ ಬಂದವರಿಗೆ ಗ್ರಾಮೀಣ ಕೋಟಾ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಅದರ ಕೋಟಾ ಸಿಗುತ್ತದೆ. ಸೀಟು ಸಿಕ್ಕಿ ಫೀಸಿಗೆ ಹಣ ಇಲ್ಲದಿದ್ದರೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲ ಉಂಟು. ಕಾಗದಪತ್ರ ಮಾಡಿಸದೆ ಸೀಟು ಕಳೆದುಕೊಂಡು ಆಮೇಲೆ ಮಗುವಿಗೆ ಬೈಯುವವರನ್ನು ಪ್ರತಿ ವರ್ಷ ನೋಡುತ್ತೇನೆ.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳಬೇಕು. 2022ರಲ್ಲಿ ನಮ್ಮ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13,044. ಇದು ಸರ್ಕಾರದ್ದೇ ಲೆಕ್ಕ. ಮಗು ನಿದ್ದೆ ಮಾಡುವುದಿಲ್ಲ, ಊಟ ಬಿಟ್ಟಿದೆ, ಯಾರ ಹತ್ತಿರವೂ ಮಾತಾಡುವುದಿಲ್ಲ, "ನಾನು ಇರುವುದೇ ಬೇಡ" ಎನ್ನುತ್ತದೆ ಎಂದಾದರೆ ಅದು ಜಿನ್ನ್ ಅಲ್ಲ, ಕಣ್ಣು ಬಿದ್ದದ್ದೂ ಅಲ್ಲ. ನನ್ನ ಬಳಿ ಕರೆತಂದರೆ ದುಆ ಮಾಡುತ್ತೇನೆ, ಅದರ ಜೊತೆಗೆ ಅದೇ ದಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಿ. ನಿಮ್ಹಾನ್ಸ್ ನಮ್ಮ ಊರಲ್ಲೇ ಇದೆ. ಅಷ್ಟು ದೂರ ಹೋಗಲು ಆಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ದುಡ್ಡು ಬೇಡ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲಿ ಮಾತಾಡಬಹುದು. ಮದುವೆ ಸಂಬಂಧಕ್ಕೆ ತೊಂದರೆಯಾದೀತು ಅಂತ ಮುಚ್ಚಿಡಬೇಡಿ.

ಈ ಸಲ ಫಲಿತಾಂಶ ಬಂದ ವಾರ ನಮ್ಮ ಮದ್ರಸದಲ್ಲಿ ಸನ್ಮಾನ ಇರುವುದಿಲ್ಲ. ಸಿಇಟಿ, ನೀಟ್ ಕೌನ್ಸೆಲಿಂಗ್ ಗೊತ್ತಿರುವ ಇಬ್ಬರು ಹುಡುಗರು ಮಗ್ರಿಬ್ ಆದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಾರೆ. ಅಂಕ ಎಷ್ಟೇ ಇರಲಿ, ಆಪ್ಷನ್ ಎಂಟ್ರಿ ಮಾಡಿಸಿಕೊಂಡು ಹೋಗಬಹುದು. ಸನ್ಮಾನ ಬೇಕಾದರೆ ಆಗಸ್ಟ್‌ನಲ್ಲಿ ಮಾಡೋಣ, ಐಟಿಐಗೆ ಸೇರಿದವನಿಗೂ ನರ್ಸಿಂಗ್‌ಗೆ ಸೇರಿದವಳಿಗೂ ಅದೇ ಶಾಲು. ಕಮಿಟಿಯಲ್ಲಿ ಇದಕ್ಕೆ ಎಲ್ಲರೂ ಒಪ್ಪಿದ್ದಾರೆ ಅಂತೇನಿಲ್ಲ, ಇಬ್ಬರು ಇನ್ನೂ ಮುನಿಸಿಕೊಂಡಿದ್ದಾರೆ.

ಆ ಹುಡುಗ ಮತ್ತೊಮ್ಮೆ ನೀಟ್ ಬರೆಯುತ್ತಾನಂತೆ. ಸಿಇಟಿಗೂ ಅರ್ಜಿ ಹಾಕುತ್ತಾನೆ, ಅದು ಅವನದ್ದೇ ತೀರ್ಮಾನ. ಮಸೀದಿಗೆ ಬರಲು ಶುರು ಮಾಡಿದ್ದಾನೆ, ಸಣ್ಣ ಮಕ್ಕಳ ಸಬಕ್ ಸಹ ಕೇಳುತ್ತಾನೆ. ಫಲಿತಾಂಶದ ದಿನ ಅಸರ್ ಆದ ಮೇಲೆ ಮನೆಗೆ ಬರುತ್ತೇನೆ, ಅಂಕ ಕೇಳುವುದಿಲ್ಲ ಅಂತ ಅವನ ಉಪ್ಪನಿಗೆ ಈಗಲೇ ಹೇಳಿಟ್ಟಿದ್ದೇನೆ.